ಜೊಲ್ಲು ಸುರಿಸದ ನಾಯಿ

ನಮ್ಮ ಚಿಕ್ಕಮ್ಮನ ಪಕ್ಕ ಬಸ್ಸಿನಲ್ಲಿ ಕುಳಿತುಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ನಿಮ್ಮ ಊರಿನಲ್ಲೇ ಇಳಿಯುವ ಆಸೆಯಿದ್ದರೆ ಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳಿ!

ಚಿಕ್ಕಮ್ಮ ಕಾರ್ಕಳದ ಒಂದು ಬಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತಾರೆ. ಮನುಷ್ಯ ಹೇಗೆ ಕಲಿಯುತ್ತಾನೆ ಎಂಬ ಸಿದ್ಧಾಂತಗಳನ್ನೆಲ್ಲ ಕಥೆ ಮಾಡಿ ಹೇಳುತ್ತಾರೆ. ಹೇಳಲಿ, ಬೇಡ ಎಂದವರಾರು? ಆದರೆ ಅರ್ಧಕ್ಕೆ ನಿಲ್ಲಿಸಿ "ಮುಂದೆಂತ?" ಎಂದು ಕೇಳುತ್ತಾರೆ. ಕೇಳುಗರು ಉತ್ತರ ಹೇಳುವ ತನಕ ಕಥೆ ಒಂದಿಂಚೂ ಕದಲುವುದಿಲ್ಲ.

ಒಮ್ಮೆ ಉಡುಪಿ ಬಸ್ಸಿನಲ್ಲಿ ನನಗೆ ಶುರು ಹಚ್ಚಿದರು. "ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿ ಹಾಕಿದ್ದಾರೆ. ಒಳಗೊಂದು ಚಿಲಕ ಉಂಟು. ಹೊರಗೆ ಬಂಗುಡೆ ಮೀನು. ಮುಂದೆಂತ?"

ಖಾಲಿ ಮೀನಿನ ಬುಟ್ಟಿ ಹಿಡಿದು ಹಿಂದೆ ಕುಳಿತಿದ್ದ ಹೆಂಗಸು, "ಬಂಗುಡೆಯಾದರೆ ಚಿಲಕ ಎಂತಕ್ಕೆ ಟೀಚರೇ? ಪೆಟ್ಟಿಗೆಯನ್ನೇ ಒಡೀತದೆ!" ಎಂದರು. "ಇಲ್ಲ, ಮೊದಲು ಪರಚ್ತದೆ" ಎಂದರು ಕಂಡಕ್ಟರ್. ಬಸ್ಸಿಡೀ ಎರಡು ಪಕ್ಷ! ಹಿರಿಯಡ್ಕದಲ್ಲಿ ಇಳಿಯಬೇಕಿದ್ದ ಹಿರಿಯರೊಬ್ಬರು, ಬೆಕ್ಕು ಹೊರಬಂದ ಮೇಲೆಯೇ, ತಮ್ಮ ಊರು ದಾಟಿ ಪರ್ಕಳದಲ್ಲಿ ಇಳಿದರು. ಇನ್ನು ಬೈಗುಳ ಗ್ಯಾರಂಟಿ ಎಂದು ನಾನು ಮುದುಡಿ ಕುಳಿತರೆ, ಅವರು ಕಿಟಕಿಯ ಹತ್ತಿರ ಬಂದು "ಎರಡನೇ ಸಲ ಹಾಕಿದರೆ ಬೇಗ ಬರ್ತದಾ?" ಎಂದು ಕೇಳಬೇಕೇ! ತಪ್ಪುತ್ತಾ ತಪ್ಪುತ್ತಾ ಕಲಿಯುವ ಆ ಸಿದ್ಧಾಂತದ ಜೀವಾಳವೇ ಅದು. ನಾನು ದಂಗಾದೆ.

ಇಂಥವರ ಕ್ಲಾಸಿಗೇ ನಾನು ವಿದ್ಯಾರ್ಥಿನಿಯಾಗಿ ಸೇರಿದ್ದು ನನ್ನ ಹಣೆಬರಹ. ನನಗೋ ಹತ್ತು ಜನರ ಮುಂದೆ ನಾಲಿಗೆ ಏಳುವುದಿಲ್ಲ. ಹಾಜರಿ ಕೂಗಿದರೂ ಬೆವರು! ಮುಂದಿನ ತಿಂಗಳು ಕಾಪುವಿನ ಶಾಲೆಯೊಂದರಲ್ಲಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕಿತ್ತು. ಅಷ್ಟರೊಳಗೆ ಕೋರ್ಸನ್ನೇ ಬಿಟ್ಟುಬಿಡುವುದೆಂದು ತೀರ್ಮಾನಿಸಿ, ಅದನ್ನು ಅಮ್ಮನಿಗೂ ಹೇಳಿದ್ದೆ.

ಆ ವಾರ ಗಂಟೆ ಮತ್ತು ನಾಯಿಯ ಪಾಠ. ದಿನಾ ಅನ್ನ ಹಾಕುವಾಗ ಗಂಟೆ ಬಾರಿಸಿದರೆ, ಕೊನೆಗೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುತ್ತದೆಯಂತೆ. ಚಿಕ್ಕಮ್ಮ ಅದನ್ನು ತಾಳಮದ್ದಳೆ ಮಾಡಿಬಿಟ್ಟರು! ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನ ಯುದ್ಧ. ತಾಳ ಹಿಡಿದು, ಪದ್ಯ ಹಾಡಿ ಕಥೆ ನಡೆಸುವ ಭಾಗವತರು ತಾವೇ ಆದರು. ಮೊದಲ ಬೆಂಚಿನ ವಾಚಾಳಿ ಹುಡುಗಿ ಗಂಟೆಯಾದಳು. ನಾಯಿ ಯಾರು? ಬೆರಳು ನನ್ನತ್ತ ತಿರುಗಿತು!

"ಎಲೈ ಶ್ವಾನವೇ! ನಾನು ಢಣ್ ಎಂದೆ. ಸುರಿಸು ಜೊಲ್ಲು!" ಎಂದು ಗಂಟೆ ಗರ್ಜಿಸಿತು.

"ಎಲೈ ಗಂಟೆಯೇ! ಅನ್ನ ಹಾಕಿದ ಕೈ ಎಲ್ಲಿ? ನಾಲಿಗೆ ನನ್ನದು, ಜೊಲ್ಲು ನನ್ನದು. ಬರೀ ಸದ್ದಿಗೆ ಅದನ್ನೇಕೆ ಖರ್ಚು ಮಾಡಲಿ?" ಎಂದಿತು ಒಂದು ಧ್ವನಿ. ಅಯ್ಯೋ, ನನ್ನದೇ!

ಮುಕ್ಕಾಲು ಗಂಟೆ ವಾದಿಸಿದೆ. ತಾಳಮದ್ದಳೆಯಲ್ಲಿ ಎಷ್ಟೇ ಮಾತಾಡಿದರೂ ಕಥೆಯಲ್ಲಿ ಸೋಲಬೇಕಾದವನು ಸೋಲಲೇಬೇಕು. ಹಟ ಹಿಡಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಬಾಯಿ ಮುಚ್ಚಿಸುತ್ತಾರೆ. ಚಿಕ್ಕಮ್ಮ ಪದ್ಯ ಎತ್ತಲೇ ಇಲ್ಲ. ಗಂಟೆ ಸುಸ್ತಾಗಿ ಸೋಲೊಪ್ಪಿಕೊಂಡಿತು. ಜಗತ್ತೇ ಒಪ್ಪಿದ ಸಿದ್ಧಾಂತ ಕಾರ್ಕಳದಲ್ಲಿ ಮಣ್ಣು ಮುಕ್ಕಿತು!

ಅದೇ ಉಮೇದಿನಲ್ಲಿ ಕಿರುಪರೀಕ್ಷೆಯಲ್ಲಿ ಬರೆದೆ: "ಸ್ವಾಭಿಮಾನವಿರುವುದರಿಂದ ನಾಯಿಯು ಜೊಲ್ಲು ಸುರಿಸುವುದಿಲ್ಲ." ಚಿಕ್ಕಮ್ಮ ಕೊಟ್ಟದ್ದೆಷ್ಟು? ಸೊನ್ನೆ! ಸ್ವಂತ ಅಕ್ಕನ ಮಗಳಿಗೆ ದುಂಡಗಿನ ಸೊನ್ನೆ!

ಉತ್ತರ ಪತ್ರಿಕೆ ಹಿಡಿದು ಅವರ ಅಡುಗೆಮನೆಗೇ ನುಗ್ಗಿದೆ. ಕಾಯಿ ತುರಿಯುತ್ತಿದ್ದರು.

"ನಾಯಿ ಗೆದ್ದದ್ದು ತಪ್ಪಾದರೆ ಅವತ್ತೇ ಪದ್ಯ ಎತ್ತಬೇಕಿತ್ತಲ್ಲ ಚಿಕ್ಕಮ್ಮ?"

"ಎತ್ತಬೇಕಿತ್ತು. ಬಾಯಿಯವರೆಗೂ ಬಂದಿತ್ತು" ಎಂದರು ಕೈ ನಿಲ್ಲಿಸದೆ. "ಆದರೆ ಎಂತ ಮಾಡುವುದು ಮಾರಾಯ್ತಿ, ಆರು ತಿಂಗಳಲ್ಲಿ ಕ್ಲಾಸಿನಲ್ಲಿ ನಿನ್ನ ಧ್ವನಿ ಕೇಳಿದ್ದು ಅವತ್ತೇ ಮೊದಲು. ಪಾಠ ನಾಳೆಯೂ ಮಾಡಬಹುದು. ನಿನ್ನನ್ನು ಅರ್ಧಕ್ಕೆ ತಡೆದರೆ ನೀನು ಮತ್ತೆ ಬಾಯಿ ಬಿಡ್ತಿದ್ಯಾ?"

ಸೊನ್ನೆಯ ಪತ್ರಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಕೋರ್ಸು ಬಿಡುವ ಮಾತನ್ನು ಆಮೇಲೆ ಎತ್ತಲಿಲ್ಲ.

ಕಾಪುವಿನ ಶಾಲೆಯಲ್ಲಿ ಏಳನೇ ತರಗತಿಯ ಎದುರು ನಿಂತೆ. ಮೊದಲ ವಾಕ್ಯ ಹೊರಗೆ ಬಂತು, ಕೊನೆಯ ಬೆಂಚಿಗೂ ಕೇಳುವಷ್ಟು ಜೋರಾಗಿ. ಆ ಬೆಂಚಿನಲ್ಲಿ ನನಗೆ ಅಂಕ ಹಾಕಲು ಕುಳಿತಿದ್ದ ಚಿಕ್ಕಮ್ಮ, ಪುಸ್ತಕ ಮಡಚಿಟ್ಟು ಅಳುತ್ತಿದ್ದರು.