ಬಾಗಿಲ ಆಚೆ ಮಗಳು ನಕ್ಕಳು

ಮಕ್ಕಳ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿ ಎಂದು ಯಾರಾದರೂ ಕೇಳಿದರೆ ನಾನು ಒಂದು ಗಂಟೆ ಮಾತಾಡುತ್ತೇನೆ. ಕೇಳದಿದ್ದರೂ ಮಾತಾಡುತ್ತೇನೆ. ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಪಾಲಕರ ಸಭೆಯಲ್ಲಿ ನಮ್ಮ ಹೆಡ್‌ಮಾಸ್ತರರು ಮೈಕನ್ನು ನನ್ನ ಕೈಗೇ ಕೊಡುತ್ತಾರೆ. ತಿರುಗಿ ಇಸಿದುಕೊಳ್ಳುವುದು ಮಾತ್ರ ಅವರಿಗೆ ಕಷ್ಟವಾಗುತ್ತದೆ. “ಮಕ್ಕಳ ಜೊತೆ ಗೆಳೆಯರ ಹಾಗೆ ಇರಿ, ಅವರು ಹೇಳುವುದನ್ನು ಕಿವಿಗೊಟ್ಟು ಕೇಳಿ” ಎಂದು ನಾನು ಹೇಳುವಾಗ ಮುಂದಿನ ಸಾಲಿನ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಉಂಟು. ಮೈದಾನದ ಧೂಳಿಗೂ ಇರಬಹುದು. ಇಂಥ ನನ್ನ ಮನೆಯಲ್ಲೇ, ಒಂಬತ್ತನೆಯ ಇಯತ್ತೆಯ ನನ್ನ ಒಬ್ಬಳೇ ಮಗಳು ಭೂಮಿಕಾ, ನಮ್ಮೆಲ್ಲರ ಬಾಯಲ್ಲಿ ಭೂಮಿ, ನನ್ನೊಂದಿಗೆ ಮಾತು ಬಿಟ್ಟಳು. ಅದು ನನಗೆ ತಿಳಿಯುವುದಕ್ಕೇ ಒಂದು ತಿಂಗಳು ಬೇಕಾಯಿತು. ಮಾತೆಲ್ಲ ನಾನೇ ಆಡುತ್ತಿದ್ದುದರಿಂದ ಮನೆಯಲ್ಲಿ ಮಾತು ಕಡಿಮೆಯಾದಂತೆ ಅನ್ನಿಸಿರಲಿಲ್ಲ.

ನಾವಿರುವುದು ರೋಣದಲ್ಲಿ. ಸಾಲೆ ಇರುವುದು ಸವಡಿ ದಾಟಿ ಮುಂದೆ, ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಊರಿನ ಹೆಸರು ಬೇಡ. ಎಂಟನೆಯ ಇಯತ್ತೆಗೆ ಭೂಮಿಯನ್ನು ನನ್ನ ಸಾಲೆಗೇ ಹಾಕಿಕೊಂಡೆ, ಕಣ್ಣ ಮುಂದೆ ಇರಲಿ ಎಂದು. ಆ ಇಪ್ಪತ್ತು ನಿಮಿಷ ಅವಳು ಹಿಂದೆ ಕುಳಿತು ನನ್ನ ಬಲಗಿವಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದಳು. ಎಡಗಡೆ ಹೊಲದಲ್ಲಿ ಕಡಲೆ ಹೂ ಬಿಟ್ಟದ್ದು, ಗೆಳತಿಯ ಅಕ್ಕನಿಗೆ ವರ ನೋಡಲು ಬಂದವರು ಉಪ್ಪಿಟ್ಟು ಮಾತ್ರ ನೋಡಿ ಹೋದದ್ದು, ಗಾಳಿಯಂತ್ರದ ಮೂರು ರೆಕ್ಕೆಗಳಲ್ಲಿ ಒಂದು ಸೋಮಾರಿ ಎಂಬ ಅವಳ ಸಂಶಯ. ಗಾಳಿಗೆ ಅರ್ಧ ಮಾತು ಹಾರಿ ಹೋಗುತ್ತಿತ್ತು. ನಾನು ಸುಮ್ಮನೆ “ಹೌದಾ? ಖರೇನಾ?” ಅನ್ನುತ್ತಿದ್ದೆ. ಅವಳು ಸ್ಕೂಟರನ್ನೂ ಬಿಟ್ಟು ಬಸ್ಸಿನಲ್ಲಿ ಹೋಗತೊಡಗಿದ ಮೇಲೆ, ಖಾಲಿ ಸ್ಕೂಟರಿನ ಮೇಲೆ ಹೋಗುವಾಗ, ಹಾರಿ ಹೋದ ಆ ಅರ್ಧ ಮಾತುಗಳು ಏನಿದ್ದವೋ ಎಂದು ಯೋಚಿಸತೊಡಗಿದೆ. ಆಗ ಒಮ್ಮೆಯೂ ಗಾಡಿ ನಿಲ್ಲಿಸಿ “ಇನ್ನೊಮ್ಮೆ ಹೇಳವಾ” ಎಂದಿರಲಿಲ್ಲ.

ಮಾತು ಹೋದ ಮೇಲೆ ಹಸಿವು ಹೋಯಿತು. ಎರಡು ರೊಟ್ಟಿ ತಿನ್ನುವವಳು ಅರ್ಧಕ್ಕೆ ಬಂದಳು. ಆಮೇಲೆ ಮುಂಜಾನೆ ಸಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರತೊಡಗಿತು. ರವಿವಾರ ಬರುತ್ತಿರಲಿಲ್ಲ. ಇಷ್ಟು ಶಿಸ್ತಿನ ಹೊಟ್ಟೆನೋವನ್ನು ನಾನು ನನ್ನ ವಿದ್ಯಾರ್ಥಿಗಳಲ್ಲಿ ನೂರು ಸಲ ಕಂಡಿದ್ದೆ. ಹಾಗಾಗಿ “ನಾಟಕ” ಎಂದೆ. ಮರುದಿನ ಅವಳು ಜಡೆ ಹಾಕಿಕೊಳ್ಳುವಾಗ ರಿಬ್ಬನ್ ಬೆರಳಿನಿಂದ ಮೂರು ಸಲ ಜಾರಿ ಬಿತ್ತು. ನನ್ನ ಹೆಂಡತಿ ಸುಮಂಗಲಾ ಅದನ್ನು ಎತ್ತಿಕೊಟ್ಟು ನನ್ನ ಕಡೆ ನೋಡಿದಳು. ನಾಟಕ ಎಂಬ ಮಾತನ್ನು ನಾನು ಅಲ್ಲೇ ನುಂಗಿಕೊಂಡೆ.

ದವಾಖಾನೆಗೆ ಹೋದೆವು. ರಕ್ತ ಪರೀಕ್ಷೆ ಆಯಿತು, ಗದಗಿಗೆ ಹೋಗಿ ಸ್ಕ್ಯಾನಿಂಗೂ ಆಯಿತು. ನಮ್ಮ ಡಾಕ್ಟರು ಕಾಗದಗಳನ್ನೆಲ್ಲ ನೋಡಿ, ಮಗಳನ್ನು ಹೊರಗೆ ಕೂಡಿಸಿ ನನಗೆ ಹೇಳಿದರು: “ಹೊಟ್ಟಿ ಚಲೋ ಐತ್ರಿ ಮಾಸ್ತರ. ಹೊಟ್ಟ್ಯಾಗ ಏನೋ ಇಟ್ಕೊಂಡಾಳ. ಅದನ್ನ ತಗಿಯೋ ಔಷಧ ನನ್ನ ಹಂತೇಕ ಇಲ್ಲ. ಮಕ್ಕಳ ಕೌನ್ಸೆಲರ್‌ಗೆ ತೋರಸ್ರಿ. ಈಗ ಫೋನಿನ್ಯಾಗೂ ಮಾತಾಡಸ್ತಾರ.”

ಫೋನಿನಲ್ಲಿ ಎಂದದ್ದೇ ತಡ, ಮನೆಗೆ ಬಂದು ನಾನೇ ಹುಡುಕಿದೆ. ಏಳು ದಿನಗಳಲ್ಲಿ ನಿಮ್ಮ ಮಗು ನಗುತ್ತದೆ ಎಂಬ ಜಾಹೀರಾತು ಸಿಕ್ಕಿತು. ನಗುವ ಮಗುವಿನ ಚಿತ್ರವೂ ಇತ್ತು. ಅದನ್ನು ನೋಡಿಯೇ ನಂಬರು ಬರೆದುಕೊಂಡೆ. ಫೋನು ಮಾಡಿದೆ. ಆ ಕಡೆಯ ಮನುಷ್ಯ ನನಗಿಂತ ಹೆಚ್ಚು ಮಾತಾಡಿದ. ಅಲ್ಲಿಗೇ ನನಗೆ ಸಂಶಯ ಬರಬೇಕಿತ್ತು. ಮಗಳ ಹೆಸರು ಕೇಳಲಿಲ್ಲ. ಅವಳು ಓದುವ ಕೋಣೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದ. ದಕ್ಷಿಣಕ್ಕೆ ಎಂದೆ. “ಅಲ್ಲೇ ಇದೆ ನೋಡಿ ಸಮಸ್ಯೆ” ಎಂದ. ಡಾಕ್ಟರಿಗೆ ಹೇಳಿದಾಗ ಅವರು ತಲೆ ಮೇಲೆ ಕೈಯಿಟ್ಟುಕೊಂಡರು. “ಎತ್ತು ತರಾಕ ಹೋದ್ರ ಹಲ್ಲು ಎಣಿಸಿ ನೋಡತೀರಿ. ಮಗಳನ್ನ ಒಪ್ಪಿಸಾಕ ಹೊಂಟೀರಿ, ಏನ್ ಕಲ್ತಾರ, ಎಲ್ಲಿ ಕಲ್ತಾರ, ಸಣ್ಣ ಹುಡುಗರ ಜೋಡಿ ಕೆಲಸ ಮಾಡ್ಯಾರೋ ಇಲ್ಲೋ, ಕೇಳಬೇಕೋ ಬ್ಯಾಡೋ?” ಎಂದು ತಾವೇ ಧಾರವಾಡದ ಒಬ್ಬ ಕೌನ್ಸೆಲರ್ ಮೇಡಂ ಅವರ ನಂಬರು ಬರೆದುಕೊಟ್ಟರು. ನಾನು ಮೇಡಂಗೆ ಫೋನು ಮಾಡಿ ಆ ಪ್ರಶ್ನೆಗಳನ್ನೆಲ್ಲ ಕೇಳಿದೆ, ಅಂಜುತ್ತಂಜುತ್ತ. ಅವರು ಸಿಟ್ಟಾಗಲಿಲ್ಲ. “ಕೇಳಿದ್ದು ಚಲೋ ಆತ್ರಿ” ಎಂದು ಎಲ್ಲದಕ್ಕೂ ಉತ್ತರ ಕೊಟ್ಟು, ಮೊದಲ ಸಲ ಮುಖಾಮುಖಿ ಬರಲು ಹೇಳಿದರು.

ಧಾರವಾಡದಲ್ಲಿ ಮೇಡಂ ಮೊದಲು ಭೂಮಿಯೊಬ್ಬಳನ್ನೇ ಒಳಗೆ ಕರೆದರು. ಆಮೇಲೆ ನಮ್ಮನ್ನು ಕರೆದು ಹೇಳಿದರು: “ಪ್ರತಿ ಬುಧವಾರ ಸಂಜಿಮುಂದ ಫೋನಿನ್ಯಾಗ ಮಾತಾಡೂಣು ಅಂತ ಆಕಿ ಒಪ್ಪ್ಯಾಳ್ರಿ. ಆಕಿ ಒಪ್ಪಿದ್ದು ಮುಖ್ಯ, ನೀವು ಒಪ್ಪಿದ್ದಲ್ಲ. ಆಕಿಗೆ ಒಂದು ಖೋಲಿ ಬೇಕು. ಬಾಗಲಾ ಮುಚ್ಚಿರಬೇಕು. ಹೊರಗ ಯಾರೂ ಕಿವಿ ಹಚ್ಚಬಾರದು.” ಕಿವಿ ಹಚ್ಚಬಾರದು ಎನ್ನುವಾಗ ನನ್ನನ್ನೇ ಏಕೆ ನೋಡಿದರೋ ಗೊತ್ತಿಲ್ಲ. “ಹೊರಗ ಬಂದ ಮ್ಯಾಲೆ ಏನ್ ಹೇಳಿದಿ ಅಂತ ಕೇಳಬ್ಯಾಡ್ರಿ. ಆಕಿ ಜೀವಕ್ಕ ಅಪಾಯ ಐತಿ ಅನ್ನಿಸಿದ್ರ ಮಾತ್ರ ನಾನ ನಿಮಗ ಹೇಳತೀನಿ. ಅದನ್ನ ಆಕಿಗೂ ತಿಳಿಸೀನಿ. ಅಂಥಾದ್ದೇನಾರ ನಿಮಗ ಕಂಡ್ರ ಬುಧವಾರದ ಹಾದಿ ಕಾಯಬ್ಯಾಡ್ರಿ, ಸೀದಾ ದವಾಖಾನಿಗೆ ಕರಕೊಂಡ ಹೋಗ್ರಿ. ಫೋನು ಎಲ್ಲಾಕ್ಕೂ ಸಾಲೂದಿಲ್ಲ.” ನಾನು ಎಲ್ಲಕ್ಕೂ ತಲೆಯಾಡಿಸಿದೆ. ತಲೆಯಾಡಿಸುವುದು ಎಷ್ಟು ಸುಲಭ!

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಿತ್ತಲ ಕೋಣೆಯ ಕಿಟಕಿಯ ಹತ್ತಿರ ಮಾತ್ರ. ಅದು ಸುಮಂಗಲಾಳ ಹೊಲಿಗೆ ಕೋಣೆ. ಅವಳು ಓಣಿಯವರ ಜಂಪರು ಹೊಲಿಯುತ್ತಾಳೆ. ಮೊದಲ ಬುಧವಾರ ಅವಳು ಯಂತ್ರವನ್ನು ಹೊರಗೆ ಎಳೆದು, ಮುಚ್ಚಿದ ಬಾಗಿಲಿಗೆ ಅಡ್ಡ ಇಟ್ಟುಕೊಂಡು ಕುಳಿತಳು. ನನಗೆ ಆ ಸಂಜೆ ಹಿತ್ತಲಲ್ಲಿ ಬಹಳ ಕೆಲಸ ನೆನಪಾಯಿತು. ಕರಿಬೇವಿನ ಗಿಡಕ್ಕೆ ನೀರು ಹಾಕಬೇಕಿತ್ತು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಬೇಕಿತ್ತು. ಕ್ಯಾಲೆಂಡರು ಬಾಗಿಲ ಪಕ್ಕದಲ್ಲೇ ಇದೆ. ನಾನು ಹತ್ತಿರ ಬಂದಾಗಲೆಲ್ಲ ಸುಮಂಗಲಾ ಬರಿಯ ಯಂತ್ರವನ್ನು ತುಳಿಯುತ್ತಿದ್ದಳು. ಕಟಕಟಕಟ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

“ಏನ್ ಹೊಲಿಯಾಕತ್ತಿ?” ಎಂದೆ.

“ನಿಮ್ಮ ಕಿವಿ,” ಎಂದಳು.

ಇದನ್ನೆಲ್ಲ ಕಟ್ಟೆಯ ಮೇಲಿಂದ ನೋಡುತ್ತಿದ್ದ ನಮ್ಮವ್ವ ಹೊಳೆಆಲೂರಿನ ಹೆಣ್ಣುಮಗಳು. ಮೊಮ್ಮಗಳಿಗೆ ದೃಷ್ಟಿ ತಾಗಿದೆ ಎಂದು ಅವಳಾಗಲೇ ಉಪ್ಪು ಮೆಣಸಿನಕಾಯಿ ಇಳಿತೆಗೆದಿದ್ದಳು. ಅವಳಿಗೆ ಈ ಫೋನಿನ ಚಿಕಿತ್ಸೆಯನ್ನು ತಿಳಿಸಿ ಹೇಳುವ ಹೊಣೆ ನನ್ನದಾಯಿತು. ಹತ್ತು ನಿಮಿಷ ಭಾಷಣ ಮಾಡಿದೆ. ಅವ್ವ ಕೇಳಿ, “ಇದರಾಗ ಹೊಸಾದೇನೈತೋ? ನಾವು ನಸಿಕಿನ್ಯಾಗ ಬೀಸೂ ಕಲ್ಲಿನ ಮುಂದ ಕುಂತು ಅತ್ತೀದು, ಗಂಡಂದು, ಎಲ್ಲಾ ಹಾಡಿನಾಗ ಹೇಳಿ ಮುಗಸ್ತಿದ್ವಿ. ಕಲ್ಲು ಒಬ್ಬರ ಮುಂದ ಹೇಳ್ತಿದ್ದಿಲ್ಲ. ಗಿರಣಿ ಬಂತು, ಹೇಳಿಕೊಳ್ಳಾಕ ಜಾಗಾ ಹೋತು. ಹುಡುಗಿಗೆ ಒಂದು ಕಲ್ಲು ಸಿಕ್ಕೈತಿ, ನೀ ಯಾಕ ಸುತ್ತ ಸುತ್ತ ತಿರುಗತಿ?” ಎಂದಳು. ನಾನು ಪಾಲಕರ ಸಭೆಯಲ್ಲಿ ಒಂದು ಗಂಟೆ ಹೇಳುವುದು ಅವಳಿಗೆ ಅಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ಮುಗಿದುಹೋಗಿತ್ತು.

ನಾಲ್ಕನೆಯ ಬುಧವಾರ ಕರೆಂಟು ಹೋಗಿ ಓಣಿಯೆಲ್ಲ ಸದ್ದಿಲ್ಲದಂತಾಗಿತ್ತು. ಸುಮಂಗಲಾ ದಾರ ಬದಲಿಸಲು ಕಾಲು ನಿಲ್ಲಿಸಿದಳು. ಆಗ ಒಳಗಿನಿಂದ ಭೂಮಿ ನಕ್ಕದ್ದು ಕೇಳಿಸಿತು. ಸಣ್ಣ ನಗೆ, ಮೂಗಿನಿಂದ ಶುರುವಾಗಿ ಬಾಯಿಗೆ ಬರುವಂಥದು. ಸ್ಕೂಟರಿನ ಮೇಲೆ ನನ್ನ ಬಲಗಿವಿಯ ಹತ್ತಿರ ಕೇಳುತ್ತಿದ್ದ ನಗೆ ಅದೇ. ನಾನು ಕ್ಯಾಲೆಂಡರಿನ ಮುಂದೆ ನಿಂತವನು ನಿಂತೇ ಇದ್ದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನಿಜ ಹೇಳಬೇಕೆಂದರೆ, ಧಾರವಾಡದಲ್ಲಿ ಕುಳಿತ ಆ ಹೆಂಗಸಿನ ಮೇಲೆ ನನಗೆ ಅಂದು ಬಂದಷ್ಟು ಹೊಟ್ಟೆಕಿಚ್ಚು ಬಡ್ತಿ ಸಿಕ್ಕ ಸಹೋದ್ಯೋಗಿಗಳ ಮೇಲೂ ಬಂದಿಲ್ಲ. ಒಂದು ಬಾಗಿಲಿನಷ್ಟು ದೂರದಲ್ಲಿದ್ದ ಮಗಳು ನನಗೆ ಬೇಕಾಗಿದ್ದಳು. ಸುಮಂಗಲಾ ಈ ಸಲ ಯಂತ್ರ ತುಳಿಯಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಪಕ್ಕದ ಮನೆಯ ಗಿರಿಜಕ್ಕ ಕೇಳಿದ್ದಕ್ಕೆ ನಾನು ಇಂಗ್ಲಿಷ್ ಟ್ಯೂಷನ್ ಎಂದು ಹೇಳಿಬಿಟ್ಟಿದ್ದೆ. ಓಣಿಯಲ್ಲಿ ಏನೆಂದುಕೊಂಡಾರು ಎಂಬ ಭಯ. ಆಕೆ ಒಂದು ದಿನ ತನ್ನ ಮಗಳ ಪುಸ್ತಕ ಹಿಡಿದುಕೊಂಡೇ ಬಂದಳು. “ಮಾಸ್ತರ, ನಮ್ಮಾಕಿನೂ ಆ ಟ್ಯೂಷನ್‌ಗೆ ಹಚ್ಚಸ್ರಿ.” ನಾನು ತಡವರಿಸುತ್ತಿರುವಾಗ ಭೂಮಿ ಒಳಗಿನಿಂದ ಬಂದು, “ಟ್ಯೂಷನ್ ಅಲ್ರಿ ಅಕ್ಕಾರ. ಸಾಲಿಗೆ ಹೋಗಾಕ ಅಂಜಿಕಿ ಆಗ್ತಿತ್ತು, ಎದಿ ಹೊಡಕೊಳ್ತಿತ್ತು. ಅದಕ್ಕ ಕೌನ್ಸೆಲರ್ ಕಡೆ ಮಾತಾಡತೀನಿ,” ಎಂದಳು. ಅವಳು ಹೊರಗಿನವರ ಮುಂದೆ ಅಷ್ಟು ಮಾತಾಡಿದ್ದು ಎಷ್ಟೋ ದಿನಕ್ಕೆ. ಗಿರಿಜಕ್ಕ ಪುಸ್ತಕವನ್ನು ಕಂಕುಳಿಗೆ ಸೇರಿಸಿ, “ದೊಡ್ಡವರನ್ನೂ ಮಾತಾಡಸ್ತಾರೇನವಾ?” ಎಂದು ಕೇಳಿದಳು. ನಾನು ನಾಚಿಕೊಂಡು ಮುಚ್ಚಿಟ್ಟದ್ದು ಮೂರು ವಾಕ್ಯದಲ್ಲಿ ಬಯಲಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಅದಾದ ಮೇಲೆ ಮೇಡಂ ನಮ್ಮ ಮೂವರನ್ನೂ ಒಟ್ಟಿಗೆ ಕೂಡಿಸಿ ಮಾತಾಡಿದರು. ಕಿಟಕಿಯ ಹತ್ತಿರ ಫೋನನ್ನು ಹೊಲಿಗೆ ಯಂತ್ರಕ್ಕೆ ಆನಿಸಿಟ್ಟೆವು. “ಭೂಮಿ ನಿಮಗೊಂದು ಮಾತು ಹೇಳಬೇಕಂತಾಳ್ರಿ. ಹೇಳಿ ಮುಗಿಯೂತನಾ ನಡಕ ಬಾಯಿ ಹಾಕಬ್ಯಾಡ್ರಿ,” ಎಂದರು. ಸುಮಂಗಲಾ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು, ಬ್ರೇಕು ಹಾಕುವವಳ ಹಾಗೆ.

ಭೂಮಿ ಬಟ್ಟೆಯ ಚೂರೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: “ಅಪ್ಪಾ, ನಾ ಒಂದ್ ರವಿವಾರ ಮಧ್ಯಾಹ್ನ ಮಲಗಿದಾಗ ಕನಸಿನ್ಯಾಗ ‘ನಾನಲ್ರಿ ಸರ್, ನಾನಲ್ರಿ’ ಅಂದ್ನಂತ. ನೀ ಅದನ್ನ ಮರುದಿನ ನಮ್ಮ ಕ್ಲಾಸಿನ್ಯಾಗ ಹೇಳಿದಿ. ಎಲ್ಲಾರೂ ನಕ್ರು. ಅವತ್ತಿನಿಂದ ನಾ ಎಲ್ಲಿ ಹೋದ್ರೂ ಹಿಂದಿನಿಂದ ‘ನಾನಲ್ರಿ ಸರ್’ ಅಂತಾರ. ನೀರು ಕುಡಿಯಾಕ ಹೋದ್ರೂ ಅಂತಾರ. ಅದೊಂದ ಅಲ್ಲ. ಹಲ್ಲಿ ಬಾಲಾ ಹರದು ಬಿದ್ದದ್ದಕ್ಕ ನಾ ಅತ್ತಿದ್ದೂ ಹೇಳಿದಿ. ನಾ ಮನ್ಯಾಗ ಏನ್ ಮಾಡಿದ್ರೂ ಮರುದಿನ ಸಾಲ್ಯಾಗ ಪಾಠ ಆಗ್ತೈತಿ. ಅದಕ್ಕ ಏನೂ ಮಾಡೂದ ಬಿಟ್ಟೆ.”

ನಾನು ನಡುವೆ ಬಾಯಿ ಹಾಕಲಿಲ್ಲ. ಆ ತರಗತಿ ನನಗೆ ಚೆನ್ನಾಗಿ ನೆನಪಿತ್ತು. ಊಟದ ನಂತರದ ಪೀರಿಯಡ್ಡು, ಹುಡುಗರು ತೂಕಡಿಸುತ್ತಿದ್ದರು, ಆ ಒಂದು ಮಾತಿಗೆ ಎಲ್ಲರೂ ಎಚ್ಚರಾಗಿ ಹೋ ಎಂದು ನಕ್ಕಿದ್ದರು. ಅಂದು ಪಾಠ ಬಹಳ ಚೆನ್ನಾಗಿ ಆಯಿತು ಎಂದು ಮನೆಗೆ ಬಂದು ಸುಮಂಗಲಾಳ ಮುಂದೆ ಹೇಳಿಕೊಂಡಿದ್ದೆ. ಮೂರನೆಯ ಬೆಂಚಿನಲ್ಲಿ ಕುಳಿತವಳು ನಕ್ಕಳೋ ಇಲ್ಲವೋ ನೋಡಿರಲಿಲ್ಲ. “ತಪ್ಪಾತವಾ,” ಎಂದೆ. ಇಪ್ಪತ್ತು ವರ್ಷ ಕನ್ನಡ ಕಲಿಸಿದವನಿಗೆ ಸಿಕ್ಕ ಶಬ್ದ ಅದೊಂದೇ. ನಾಳೆ ಕ್ಲಾಸಿನಲ್ಲಿ ಎಲ್ಲರ ಮುಂದೆ ನಿನ್ನ ಕ್ಷಮೆ ಕೇಳಲೇ ಎಂದೆ. ಅವಳು ಗಾಬರಿಯಾಗಿ, “ಬ್ಯಾಡ ಬ್ಯಾಡ! ಅದೂ ಒಂದು ಕಥಿ ಆಗ್ತೈತಿ,” ಎಂದಳು. ಫೋನಿನಲ್ಲಿ ಮೇಡಂ ನಕ್ಕರು. ಆಮೇಲೆ ಭೂಮಿಯೂ.

ಹಂಗಿಸುವವರ ವಿಷಯವನ್ನು ಭೂಮಿಯ ಒಪ್ಪಿಗೆ ಪಡೆದು ಅವಳ ಕ್ಲಾಸ್ ಟೀಚರಿಗೆ ಹೇಳಿದೆವು. ಅವರು ಸದ್ದಿಲ್ಲದೆ ನೋಡಿಕೊಂಡರು. ನಾನು ಮನೆಯ ಮಾತನ್ನು ಸಾಲೆಗೆ ಒಯ್ಯುವುದನ್ನು ಬಿಟ್ಟೆ. ಪಾಠ ಎಷ್ಟು ಸಪ್ಪೆಯಾಯಿತೆಂದರೆ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, “ಸರ್, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?” ಎಂದು ಕೇಳಿದಳು. ಏಳು ದಿನದಲ್ಲಿ ಯಾವ ಪವಾಡವೂ ಆಗಲಿಲ್ಲ. ಪರೀಕ್ಷೆಯ ಹೊತ್ತಿಗೆ ಹೊಟ್ಟೆನೋವು ಮತ್ತೆ ಬಂತು, ಹೋಯಿತು. ಬುಧವಾರಗಳು ಈಗ ಹದಿನೈದು ದಿನಕ್ಕೊಮ್ಮೆಯಾಗಿವೆ. ಭೂಮಿ ಎರಡು ರೊಟ್ಟಿಗೆ ಮರಳಿದ್ದಾಳೆ. ಆದರೆ ಬಸ್ಸನ್ನು ಬಿಡಲಿಲ್ಲ. ಸವಡಿಯ ಗೆಳತಿಯ ಜೊತೆ ಅದರಲ್ಲೇ ಹೋಗುತ್ತಾಳೆ. ನಾನು ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಹೋಗುತ್ತೇನೆ. ಹಿಂದಿನ ಕಿಟಕಿಯಲ್ಲಿ ಅವಳ ಜಡೆ ಕಾಣುತ್ತದೆ, ತಲೆ ಆಚೆ ಈಚೆ ಆಡುವುದು ಕಾಣುತ್ತದೆ. ಯಾರಿಗೋ ಏನೋ ಹೇಳುತ್ತಿದ್ದಾಳೆ ಎಂದು ಗೊತ್ತಾಗುತ್ತದೆ.

ಹೋದ ವಾರ ಬಸ್ಸು ಬರಲಿಲ್ಲ. ಭೂಮಿ ಬಂದು ಸ್ಕೂಟರು ಹತ್ತಿದಳು. ಅರ್ಧ ದಾರಿ ದಾಟಿದೆವು. ಆಮೇಲೆ ಬಲಗಿವಿಯ ಹತ್ತಿರ, “ಅಪ್ಪಾ, ಒಂದ್ ಮಾತ ಹೇಳತೀನಿ. ಯಾರಿಗೂ ಹೇಳಬ್ಯಾಡ,” ಎಂದಳು. ನಾನು ಗಾಡಿಯನ್ನು ದಂಡೆಗೆ ತಂದು, ಎಂಜಿನ್ ಬಂದ್ ಮಾಡಿ, ಕೇಳಿದೆ. ಅದೇನೆಂದು ನಿಮಗೂ ಹೇಳುವುದಿಲ್ಲ. ಆ ದಿನ ನಾವಿಬ್ಬರೂ ಪ್ರಾರ್ಥನೆಗೆ ತಡವಾಗಿ ಹೋದೆವು.

ಈ ಬರಹವನ್ನು ಮುಗಿಸಿ ಮೊದಲು ಅವಳ ಕೈಗೇ ಕೊಟ್ಟೆ. ಕನಸಿನ ಮಾತು ಇರಬಹುದೇ ಎಂದು ಕೇಳಿದೆ. “ಇರ್ಲಿ, ಅದೀಗ ಹಳೀದಾತು,” ಎಂದಳು. ಹಲ್ಲಿಗೂ ಒಪ್ಪಿದಳು. ಆದರೆ ಬೇರೆ ಎರಡು ಕಡೆ ಪೆನ್ಸಿಲಿನಿಂದ ದಪ್ಪಗೆ ಗೀಟು ಎಳೆದು, “ಇವು ಬ್ಯಾಡ” ಎಂದು ಬರೆದು ಕೊಟ್ಟಳು. ತೆಗೆದೆ. ಓದುಗರು ನನ್ನನ್ನು ನಂಬಬೇಕು, ಇಡೀ ಬರಹದಲ್ಲಿ ನಿಜವಾಗಿ ನಗು ಬರುತ್ತಿದ್ದದ್ದು ಆ ಎರಡು ಕಡೆಗೇ.