ಎರಡನೇ ಪುಟದಲ್ಲಿ ಕಳೆದುಹೋದ ಹೋಲ್ಗೆರ್

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತು ಅದಕ್ಕಿಂತ ಕಡೆ. ಹದಿನೇಳಕ್ಕೇ ಶಾಲೆ ಬಿಟ್ಟವಳು ನಾನು. ವಾಕ್ಯವನ್ನು ಎಲ್ಲಿ ಮುಗಿಸಬೇಕೆಂದು ಹೇಳಿಕೊಡುವ ವರ್ಷವೇ ಎದ್ದು ಬಂದಿದ್ದೇನೆ. ಆದರೆ ಬರೆದ ಒಂದೊಂದು ಸಾಲನ್ನೂ ಮೂರು ಸಲ ಓದಿ ನೋಡಿದ್ದೇನೆ.

ನಾನೂ ನನ್ನ ಅಜ್ಜಿ ಗುನ್‌ಬೋರ್ಗೂ ಇರುವುದು ಯೆವ್ಲೆ ಊರಿನ ಇಪ್ಪತ್ತನಾಲ್ಕು ಮನೆಗಳ ಕಟ್ಟಡದಲ್ಲಿ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಯಂತ್ರ ಎರಡು. ನಲವತ್ತು ವರ್ಷ ಅವುಗಳ ಸರದಿಯನ್ನು ಒಂದು ಮರದ ಹಲಗೆ ಕಾಯುತ್ತಿತ್ತು. ಬೇಕಾದ ದಿನದ, ಬೇಕಾದ ಹೊತ್ತಿನ ತೂತಿಗೆ ನಮ್ಮ ಮನೆಯ ಪುಟ್ಟ ಬೀಗ ಸಿಕ್ಕಿಸಿದರೆ ಆ ಹೊತ್ತು ನಮ್ಮದು. ಈ ಕಟ್ಟಡದಲ್ಲಿ ಗಂಡ ಹೆಂಡಿರು ಬೇರೆಯಾದರೂ ಯಾರೂ ತುಟಿ ಬಿಚ್ಚುವುದಿಲ್ಲ. ಇನ್ನೊಬ್ಬರ ಒಗೆಯುವ ಹೊತ್ತಿಗೆ ಕೈ ಹಾಕಿದವರ ಹೆಸರು ಮಾತ್ರ ಮೂರು ತಲೆಮಾರು ಉಳಿಯುತ್ತದೆ.

ಚಳಿಗಾಲದಲ್ಲಿ ಹಲಗೆ ಸೀಳಿಹೋಯಿತು. ಅಜ್ಜಿ ಕಟ್ಟಡದ ನಿವಾಸಿಗಳ ಸಂಘದ ಸಭೆಯಲ್ಲಿ ಎದ್ದು ನಿಂತು, "ನಮ್ಮ ದೀಸಾ ಒಂದು ವೆಬ್‌ಸೈಟ್ ಮಾಡ್ಕೊಡ್ತಾಳೆ" ಎಂದು ಘೋಷಿಸಿಯೇಬಿಟ್ಟಳು. (ದೀಸಾ ಅಂದರೆ ನಾನೇ; ಆಗ ಕುರ್ಚಿಯ ಕೆಳಗೆ ಜಾಗವಿದೆಯೇ ಎಂದು ನೋಡುತ್ತಿದ್ದೆ.) ಆದ ಒಪ್ಪಂದ ಹೀಗಿತ್ತು: ವಸಂತದ ವಾರ್ಷಿಕ ಸಭೆಯವರೆಗೆ ಅದು ಸರಿಯಾಗಿ ನಡೆದರೆ ಉಸ್ತುವಾರಿ ನನ್ನದು, ಅಜ್ಜಿಯೂ ನನ್ನ ಊಟದ ತಟ್ಟೆಯ ಕೆಳಗೆ ಶಾಲೆಯ ಅರ್ಜಿ ಇಡುವುದನ್ನು ನಿಲ್ಲಿಸುತ್ತಾಳೆ. ನಡೆಯದಿದ್ದರೆ ಹಲಗೆ ರಿಪೇರಿಯಾಗಿ ಗೋಡೆಗೆ ವಾಪಸ್, ನಾನು ಶಾಲೆಗೆ ವಾಪಸ್.

ಸಭೆಗೆ ಎರಡೇ ದಿನ ಉಳಿದಿರುವಾಗ ನೆಲಮಾಳಿಗೆಯಿಂದ ಅಜ್ಜಿಯ ದನಿ ಮೇಲೇರಿ ಬಂತು. ಓಡಿಹೋಗಿ ನೋಡಿದರೆ ಅವಳ ಎದುರಿಗೆ ಮೂರನೇ ಮಹಡಿಯ ಹೋಲ್ಗೆರ್.

"ಏನ್ರೀ ಹೋಲ್ಗೆರ್, ನನ್ನ ಪರದೆಗಳನ್ನ ಯಂತ್ರದಿಂದ ತೆಗ್ದು ಬುಟ್ಟಿಗೆ ತುಂಬಿದೀರಲ್ಲ, ಕೈಯಾದ್ರೂ ತೊಳ್ಕೊಂಡಿದ್ರಾ?"

"ಈ ಹೊತ್ತು ನಂದು ಗುನ್‌ಬೋರ್ಗ್! ಭಾನುವಾರಾನೇ ಹೆಸ್ರು ಹಾಕಿದೀನಿ."

"ನಾಲ್ಕು ಪುಟಾನೂ ನೋಡಿದೀನಿ. ಎಲ್ಲೂ ನೀವಿಲ್ಲ, ಈ ಹೊತ್ತು ಖಾಲಿ. ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲಾನೂ ನೋಡ್ದೆ."

"ಇಲ್ಲೇ ನಿಂತಿದೀನಲ್ರೀ ಕಣ್ಣೆದುರಿಗೆ!"

"ನಿಂತಿದೀರಿ, ನಾನೇನು ಇಲ್ಲ ಅಂದ್ನಾ? ಪಟ್ಟೀಲಿಲ್ಲ ಅಂದೆ."

ಇಷ್ಟು ಸಾಲದೆಂಬಂತೆ ಎರಡನೇ ಮಹಡಿಯ ಸೋಲ್ವೈಗ್ ಅದೇ ಪಟ್ಟಿಯಲ್ಲಿ ಎರಡು ಕಡೆ ವಿರಾಜಮಾನರಾಗಿದ್ದರು: ಮೊದಲ ಪುಟದ ಕೊನೆಯಲ್ಲಿ ಒಮ್ಮೆ, ಎರಡನೇ ಪುಟದ ತಲೆಯಲ್ಲಿ ಇನ್ನೊಮ್ಮೆ. ಮಧ್ಯಾಹ್ನದೊಳಗೆ ನೆಲಮಾಳಿಗೆಯ ಬಾಗಿಲಿಗೆ ಚೀಟಿ ಬಿತ್ತು: "ಕೆಲವರಿಗೆ ಎರಡು ಮೈಗಳಿರುವಂತಿದೆ, ಆದ್ದರಿಂದ ಎರಡು ಸರದಿ. ಇತಿ, ಒಬ್ಬ ನೆರೆಯವ." (ನೆರೆಯವ ಯಾರೆಂದು ಎಲ್ಲರಿಗೂ ಗೊತ್ತು. ಹೋಲ್ಗೆರ್ ರೈಲ್ವೆಯಲ್ಲಿ ವೇಳಾಪಟ್ಟಿ ಬರೆದು ನಿವೃತ್ತರಾದವರು; ಚೀಟಿ ಬರೆಯುವಾಗಲೂ ಅಡಿಗೋಲು ಬಿಡುವುದಿಲ್ಲ.) ಸೋಲ್ವೈಗ್ ನಮ್ಮ ಮನೆಗೆ ಬಂದು ಅತ್ತರು.

ನಾನು ನಾಲ್ಕು ಪುಟಗಳನ್ನೂ ಕಾಗದದ ಮೇಲೆ ಅಚ್ಚು ತೆಗೆದು, ಅಡುಗೆಮನೆಯ ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಕೂತೆ. ಒಟ್ಟು ಮೂವತ್ತಮೂರು ಹೆಸರು ಇರಬೇಕು, ಮೂವತ್ತಮೂರೇ ಇದ್ದವು. ಒಬ್ಬರು ಎರಡು ಸಲ, ಒಬ್ಬರು ಒಂದು ಸಲವೂ ಇಲ್ಲ. ಲೆಕ್ಕ ಅಚ್ಚುಕಟ್ಟಾಗಿ ಸರಿಹೋಗಿತ್ತು. ಅದಕ್ಕೇ ಇಷ್ಟು ದಿನ ನನಗೆ ಗುಮಾನಿ ಬಂದಿರಲಿಲ್ಲ.

ಹೆಸರುಗಳೆಲ್ಲ ಇರುವ ಡೇಟಾಬೇಸಿಗೆ ನಾನು ಹೇಳಿದ್ದು ಇಷ್ಟೇ: ಮೊದಲ ಪುಟಕ್ಕೆ ಹತ್ತು ಹೆಸರು ಕೊಡು, ಎರಡನೆಯದಕ್ಕೆ ಹತ್ತು ಬಿಟ್ಟು ಮುಂದಿನ ಹತ್ತು ಕೊಡು. ಯಾವ ಕ್ರಮದಲ್ಲಿ ಎಂದು ಹೇಳಿರಲಿಲ್ಲ. ಹೇಳುವುದು ಅವಮಾನ ಎಂದುಕೊಂಡಿದ್ದೆ! ನಮ್ಮೂರಿನ ಔಷಧಿ ಅಂಗಡಿಗೆ ಒಬ್ಬನೇ ಗಿರಾಕಿ ಬಂದರೂ ಅವನು ಸರದಿ ಚೀಟಿ ಹರಿದುಕೊಂಡು, ತನ್ನ ಸಂಖ್ಯೆ ಕರೆಯುವವರೆಗೆ ಕಾಯುತ್ತಾನೆ. ಸಾಲಾಗಿ ನಿಲ್ಲಿ ಎಂದು ಇಲ್ಲಿ ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಬಂದವರು ಬಂದ ಹಾಗೆ ನಿಲ್ಲುತ್ತಾರೆ ಎಂದು ನಂಬಿಬಿಟ್ಟಿದ್ದೆ. ಆದರೆ ಡೇಟಾಬೇಸ್ ಪ್ರತಿ ಸಲ ಕೇಳಿದಾಗಲೂ ತನಗೆ ತೋಚಿದಂತೆ ಸಾಲು ಕಟ್ಟುತ್ತಿತ್ತು. ಮೊದಲ ಪುಟ ಕೇಳಿದಾಗ ಸೋಲ್ವೈಗ್ ಹತ್ತನೆಯವರು, ಹೋಲ್ಗೆರ್ ಹನ್ನೊಂದನೆಯವರು. ಎರಡನೆಯದು ಕೇಳುವಷ್ಟರಲ್ಲಿ ಇಬ್ಬರೂ ಜಾಗ ಬದಲಾಯಿಸಿಕೊಂಡಿದ್ದರು. ಹೀಗೆ ಹೋಲ್ಗೆರ್ ಎರಡು ಪುಟಗಳ ನಡುವಿನ ಸಂದಿಯಲ್ಲಿ ಬಿದ್ದುಹೋದರು.

"ಅಂದ್ರೆ ನಿನ್ನ ಡೇಟಾಬೇಸು ಸಾಲಲ್ಲಿ ನುಗ್ಗುತ್ತಾ?" ಅಜ್ಜಿಯ ಮುಖ ಬಿಳಿಚಿತು.

"ನುಗ್ಗಲ್ಲ ಅಜ್ಜಿ. ಸಾಲು ಅಂತ ಒಂದಿದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ."

"ಅಯ್ಯೋ ಪುಟ್ಟೀ, ಅಂಥದ್ದನ್ನ ಮನೆ ಒಳಗೆ ಯಾಕೆ ಬಿಟ್ಕೊಂಡೆ?"

ದಿನಾಂಕದ ಪ್ರಕಾರ ನಿಲ್ಲು ಎಂದು ಒಂದು ಸಾಲು ಸೇರಿಸಿದೆ. ಸೋಲ್ವೈಗ್ ಒಬ್ಬರೇ ಆದರು, ಹೋಲ್ಗೆರ್ ಪ್ರತ್ಯಕ್ಷರಾದರು. ಬೇರೆ ಯಾರಾದರೂ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಎಚ್ಚರಿಕೆ ನನ್ನ ಹುಟ್ಟುರೋಗ. ಒಂದೇ ದಿನಕ್ಕೆ ಹಲವರು ಬಂದರೆ? ನೋಡಿಯೇಬಿಡೋಣವೆಂದು, ನಡುಬೇಸಿಗೆಯ ಹಬ್ಬದ ಹಿಂದಿನ ಶನಿವಾರದ, ಅಂದಷ್ಟೇ ತೆರೆದಿದ್ದರಿಂದ ಇನ್ನೂ ಖಾಲಿ ಇದ್ದ ಐದೂ ಹೊತ್ತುಗಳಿಗೆ ನನ್ನ ಹೆಸರನ್ನೇ ಹಾಕಿದೆ. ಊಹಿಸಿದಂತೆಯೇ ಆಯಿತು: ಒಂದೇ ದಿನಾಂಕದವರು ತಮ್ಮತಮ್ಮಲ್ಲೇ ಮತ್ತೆ ಅದಲುಬದಲು! ಆಗ, ದಿನಾಂಕ ಒಂದೇ ಆದರೆ ಮನೆಯ ಸಂಖ್ಯೆಯ ಪ್ರಕಾರ, ಮನೆಯೂ ಒಂದೇ ಆದರೆ ಹೊತ್ತಿನ ಪ್ರಕಾರ ನಿಲ್ಲಬೇಕು ಎಂದು ಕಟ್ಟಪ್ಪಣೆ ಹೊರಡಿಸಿದೆ. ಮತ್ತೆ ಪೆನ್ಸಿಲ್ ಹಿಡಿದು ಗುರುತು ಹಾಕಿದೆ. ಮೂವತ್ತೆಂಟಕ್ಕೆ ಮೂವತ್ತೆಂಟೂ ಸರಿ. ಖುಷಿಯಿಂದ ಕಣ್ಣಲ್ಲಿ ನೀರು ಬಂತು.

ಸಭೆ ಸೈಕಲ್ ಕೋಣೆಯಲ್ಲಿ. ಕಾಫಿ, ದಾಲ್ಚಿನ್ನಿ ಬನ್ನು, ಗೋಡೆಗೆ ಕಟ್ಟಿದ ಬಿಳಿ ಹೊದಿಕೆಯ ಮೇಲೆ ಪ್ರೊಜೆಕ್ಟರಿನಿಂದ ಮೂಡಿದ ನನ್ನ ಪಟ್ಟಿ. ನಾನು ಕಾಫಿ ಫ್ಲಾಸ್ಕಿನ ಹಿಂದೆ ನಿಂತು ಗುಂಡಿ ಒತ್ತುತ್ತಿದ್ದೆ. ಮೊದಲ ಪುಟದಲ್ಲಿ ಸೋಲ್ವೈಗ್.

"ನೋಡ್ಕೊಳ್ಳಿ, ಒಂದೇ ಒಂದ್ಸಲ!" ಎಂದು ಸೋಲ್ವೈಗ್ ಹೋಲ್ಗೆರರ ಕಡೆ ತಿರುಗಿದರು.

ಎರಡನೇ ಪುಟದ ತಲೆಯಲ್ಲಿ ಹೋಲ್ಗೆರ್ ಕಂಗೊಳಿಸಿದರು. ಅವರು ತಮ್ಮ ಹೆಸರನ್ನು ಮೂರು ಸಲ ಓದಿಕೊಂಡು, "ಹ್ಞೂಂ. ಕೊನೇವರೆಗೂ ತೋರ್ಸಮ್ಮ" ಎಂದರು.

ತೋರಿಸಿದೆ. ನಾಲ್ಕನೇ ಪುಟ, ಹಬ್ಬದ ಹಿಂದಿನ ಶನಿವಾರ. ಮನೆ ಹದಿನಾಲ್ಕು, ದೀಸಾ. ಮನೆ ಹದಿನಾಲ್ಕು, ದೀಸಾ. ಹೀಗೆ ಐದು ಸಲ, ಒಂದರ ಕೆಳಗೊಂದು, ನಾನೇ ಅಪ್ಪಣೆ ಕೊಟ್ಟ ಕ್ರಮದಲ್ಲಿ, ಯಾರ ಕಣ್ಣಿಗೂ ತಪ್ಪದಂತೆ. ಅಳಿಸುವುದನ್ನು ಮರೆತಿದ್ದೆ.

ಹೋಲ್ಗೆರ್ ಬನ್ನು ಕೆಳಗಿಟ್ಟು ಬೆರಳು ಮಡಿಸಿ ಎಣಿಸಿದರು.

"ಐದು ಹೊತ್ತು! ಆ ಶನಿವಾರ ಒಂದ್ಸಲ ಸಿಗ್ಲಿ ಅಂತ ನಾನು ಹನ್ನೊಂದು ವರ್ಷದಿಂದ ಕಾಯ್ತಿದೀನಿ," ಎಂದರು ಹೋಲ್ಗೆರ್, ಬಹಳ ಮೆಲ್ಲಗೆ.

"ಅದು... ಪರೀಕ್ಷೆ ಮಾಡೋಕೆ..." ನನ್ನ ಮಾತು ನನ್ನ ಕಾಲರಿನವರೆಗೂ ತಲುಪಲಿಲ್ಲ. ಅಜ್ಜಿಯ ಕಡೆ ನೋಡಿದೆ.

"ನನ್ನ ಕಡೆ ನೋಡ್ಬೇಡ ಪುಟ್ಟಿ," ಎಂದಳು ಅಜ್ಜಿ. "ಆರನೇ ನಿಯಮ ಬರ್ದಿದ್ದೇ ನಾನು."

ವೆಬ್‌ಸೈಟು ಒಂದೇ ದನಿಯಲ್ಲಿ ಪಾಸಾಯಿತು. ಇಷ್ಟು ಸ್ಪಷ್ಟವಾಗಿ ಕಳ್ಳರನ್ನು ಹಿಡಿದುಕೊಡುವ ಪಟ್ಟಿಯನ್ನು ತಾವು ಕಂಡಿಲ್ಲವೆಂದು ಹೋಲ್ಗೆರರೇ ಹೊಗಳಿದರು. ಉಸ್ತುವಾರಿ ನನ್ನದು, ಶಾಲೆಯ ಅರ್ಜಿ ತಪ್ಪಿತು. ಅದೇ ಉಸಿರಿನಲ್ಲಿ ಆರನೇ ನಿಯಮವೂ ಜಾರಿಯಾಯಿತು: ಹೆಚ್ಚು ಸರದಿ ಹಿಡಿದವರಿಗೆ ನಾಲ್ಕು ವಾರ ಯಂತ್ರವಿಲ್ಲ, ಮತ್ತು ದಿನವೂ ಬಟ್ಟೆ ಒಣಗಿಸುವ ಬಿಸಿಗಾಳಿ ಕಪಾಟಿನ ಜಾಲರಿಯಲ್ಲಿ ಕೂರುವ ನೂಲುಕಸ ತೆಗೆಯಬೇಕು.

ನಾಳೆ ಬೆಳಿಗ್ಗೆ ಏಳಕ್ಕೆ ನೆಲಮಾಳಿಗೆಗೆ ಇಳಿದು ಜಾಲರಿ ತೊಳೆಯುತ್ತೇನೆ. ಆಮೇಲೆ ಮೇಲೆ ಬಂದು, ನನ್ನ ಎರಡು ಸ್ವೆಟರುಗಳನ್ನು ಸ್ನಾನದ ತೊಟ್ಟಿಯಲ್ಲಿ ಕೈಯಲ್ಲೇ ಒಗೆಯುತ್ತೇನೆ.