ಡ್ರಾಯಿಂಗ್ ಪಿರಿಯಡ್ಡೂ ಲೆಕ್ಕದ ಮೇಷ್ಟ್ರೂ

ನಮ್ಮ ಕಸುಬಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ, ಪಿರಿಯಡ್ಡಿಗೆ ಮಾತ್ರ ಬರ. ನಾನು ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಮಿಸ್ಸು. ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂತ ಸುತ್ತಿ ಸುತ್ತಿ ಈಗ ಹುಣಸೂರಿಗೆ ಬಂದು ಕೂತಿದ್ದೀನಿ. ಯಾವ ಶಾಲೆಗೆ ಹೋದರೂ ದೊಡ್ಡ ಕ್ಲಾಸಿಗೆ ನನಗೆ ಸಿಗುವುದು ವಾರಕ್ಕೊಂದೇ ಪಿರಿಯಡ್ಡು. ಅದೂ ಶನಿವಾರದ ಕೊನೇದು. ಮಕ್ಕಳ ಬ್ಯಾಗು ಹೆಗಲ ಮೇಲೆ, ಕಿವಿ ಬೆಲ್ಲಿನ ಮೇಲೆ.

ಆ ಒಂದು ಪಿರಿಯಡ್ಡಿನ ಮೇಲೂ ಒಬ್ಬರ ಕಣ್ಣು. ಗಣಿತದ ಮೇಷ್ಟ್ರು. ಬಾಗಿಲಲ್ಲಿ ಚಾಕ್‌ಪೀಸ್ ಹಿಡಿದು ನಿಂತು, "ಮೇಡಂ, ಪೋರ್ಷನ್ ಮುಗಿದಿಲ್ಲ. ಪಿರಿಯಡ್ ಕೊಡ್ತೀರಾ?" ಅಂತ ಬಹಳ ವಿನಯವಾಗಿ ಕೇಳುತ್ತಾರೆ. ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ತಪ್ಪಿಸಿಕೊಳ್ಳಬಾರದಿತ್ತೇ ಅಂತ ನೀವು ಕೇಳಬಹುದು. ಆಗಲ್ಲ ಕಣ್ರೀ. ಆ ಮೇಷ್ಟ್ರು ನಮ್ಮ ಯಜಮಾನ್ರು. ಗಂಡ ಹೆಂಡತಿ ಒಂದೇ ಕಡೆ ಇರಬೇಕು ಅಂತ ಅರ್ಜಿ ಹಾಕಿ, ನಾನು ಹೋದ ಶಾಲೆಗೆಲ್ಲ ಅವರೂ ಬಂದರು. ಮನೆಯಲ್ಲಿ "ಸಾರಿಗೆ ಉಪ್ಪಿಲ್ಲ ಕಣೇ" ಅನ್ನುವ ಮನುಷ್ಯ, ಶಾಲೆಯಲ್ಲಿ ಮಾತ್ರ "ಮೇಡಂ" ಅನ್ನುತ್ತಾರೆ. ಪಿರಿಯಡ್ ಬೇಕಲ್ಲ!

ಈ ವರ್ಷ ಆ ಒಂದು ಪಿರಿಯಡ್ಡೂ ಕೈಬಿಟ್ಟು ಹೋಗುವ ಗತಿ ಬಂತು. ಅದನ್ನು ಹೇಳುವ ಮೊದಲು, ಆ ಪಿರಿಯಡ್ಡಿನಲ್ಲಿ ನಾನು ಏನೇನು ಪಾಠ ಮಾಡಿದೆ, ಏನೇನು ಪಾಡುಪಟ್ಟೆ ಅನ್ನುವುದನ್ನೂ ಹೇಳಬೇಕು.

ರೇಖೆ

ಮೊದಲ ಶಾಲೆ ಕೆ.ಆರ್. ನಗರದ ಹತ್ತಿರ, ಹೊಸ ಅಗ್ರಹಾರದ ಕಡೆ. ಕೆಲಸಕ್ಕೆ ಸೇರಿದ ಹುರುಪು. ಚಿತ್ರಕಲೆಯ ಮೂಲ ಅಂಶಗಳನ್ನು ಒಂದೊಂದಾಗಿ ಕಲಿಸಿಯೇ ತೀರುತ್ತೇನೆ ಅಂತ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

"ಮಕ್ಳೇ, ಇವತ್ತು ನಾವು ರೇಖೆಯಿಂದ ಶುರು ಮಾಡೋಣ."

ಹಿಂದಿನ ಬೆಂಚಿಂದ ಒಬ್ಬ ಎದ್ದ. "ರೇಖಾ ಬಂದಿಲ್ಲ ಮಿಸ್. ಅವಳ ಅಜ್ಜಿ ಊರಿಗೆ ಹೋಗವ್ಳೆ."

"ಆ ರೇಖಾ ಅಲ್ಲ ಕಣಪ್ಪಾ. ಸರಿ, ಅದಕ್ಕೂ ಹಿಂದಕ್ಕೆ ಹೋಗೋಣ. ಬಿಂದುವಿನಿಂದ ಶುರು ಮಾಡೋಣ."

"ಬಿಂದು ಅವಳ ತಂಗಿ ಮಿಸ್. ಅವ್ಳನ್ನೂ ಕರ್ಕೊಂಡ್ ಹೋಗವ್ಳೆ."

ಕ್ಲಾಸೆಲ್ಲ ಗಂಭೀರವಾಗಿ ತಲೆ ಆಡಿಸಿತು. ಯಾರೂ ತಮಾಷೆ ಮಾಡುತ್ತಿರಲಿಲ್ಲ, ಹಾಜರಿ ಹೇಳುತ್ತಿದ್ದರು ಅಷ್ಟೇ. ನನಗೆ ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಬಾಗಿಲಿಂದ ದನಿ ಬಂತು.

"ಮೇಡಂ, ರೇಖೆನೂ ಬಂದಿಲ್ಲ, ಬಿಂದುನೂ ಬಂದಿಲ್ಲ ಅಂದ್ಮೇಲೆ ನೀವು ಪಾಠ ಹೆಂಗೆ ಮಾಡ್ತೀರಿ? ಪಿರಿಯಡ್ ಕೊಡಿ, ನಾನು ರೇಖಾಗಣಿತ ಮುಗಿಸ್ತೀನಿ."

ಬಣ್ಣ

ಪಿರಿಯಾಪಟ್ಟಣದ ಶಾಲೆಯಲ್ಲಿ ಮಕ್ಕಳದೆಲ್ಲ ಹೊಗೆಸೊಪ್ಪು ಬೆಳೆಯುವ ಮನೆ. ಬಣ್ಣದ ಪಾಠ ಸುಲಭವಾಗಿರಲಿ ಅಂತ, "ಒಂದು ಎಲೆ ಬರೆದು ಬಣ್ಣ ತುಂಬಿ" ಅಂದೆ. ಎಲೆ ಅಂದರೆ ಹಸಿರು ತಾನೆ? ಪುಸ್ತಕ ತಿರುವಿ ನೋಡಿದರೆ ಒಂದಾದ ಮೇಲೊಂದು ಹಳದಿ ಎಲೆ. ನಿಂಬೆಹಣ್ಣಿನ ಹಳದಿ, ಅರಿಸಿನದ ಹಳದಿ, ಕಿತ್ತಳೆಗೆ ತಿರುಗಿದ ಹಳದಿ. ಹಸಿರು ಕ್ರೆಯಾನ್ ಅಂಗಡಿಯಿಂದ ಬಂದ ಹಾಗೇ ಡಬ್ಬದಲ್ಲಿ ಮಲಗಿದೆ.

"ಯಾಕೋ, ಎಲೆ ಹಸಿರಲ್ವೇನೋ?"

"ಹಸಿರಾಗೇ ಬುಟ್ರೆ ಹರಾಜಲ್ಲಿ ಯಾರ್ ಮಿಸ್ ಕೇಳ್ತಾರೆ?"

ಇರಲಿ, ಅದೂ ಬಣ್ಣವೇ ಅಂದುಕೊಂಡೆ. ಚೆನ್ನಾಗಿ ಬಂದ ಚಿತ್ರಗಳನ್ನು ಗೋಡೆಗೆ ಅಂಟಿಸಿದೆ. ಒಬ್ಬ ಹುಡುಗ ಮಾತ್ರ ಗಾಢ ಕಂದು ಬಣ್ಣ ಹಚ್ಚಿ, ಅಂಚಿಗೆ ಸ್ವಲ್ಪ ಕಪ್ಪು ತೀಡಿ, ಎಷ್ಟು ಚೆಂದ ಮಾಡಿದ್ದ ಅಂದರೆ ಅವನಿಗೇ ಮೊದಲ ಬಹುಮಾನ ಅಂತ ಬರೆದೆ.

ಪೋಷಕರ ಸಭೆಯ ದಿನ ಅಪ್ಪಂದಿರೆಲ್ಲ ಬಂದರು. ಮಾರ್ಕ್ಸ್ ಕಾರ್ಡ್ ಯಾರಿಗೂ ಬೇಡ. ಎಲ್ಲರೂ ಗೋಡೆ ಮುಂದೆ. ಎಲೆಗಳ ಹತ್ತಿರ ಮೂಗು ಇಟ್ಟು, ಹರಾಜಿನಲ್ಲಿ ಗ್ರೇಡು ಹೇಳುವ ಹಾಗೆ ಹೇಳುತ್ತಿದ್ದಾರೆ. "ಇದು ಬ್ರೈಟು." "ಇದು ಮೀಡಿಯಮ್ಮು." "ಇದು ಇನ್ನೊಂದ್ ಚೂರು ಒಣಗಬೇಕಾಗಿತ್ತು ಕಣ್ಲಾ." ಕಂದು ಎಲೆಯ ಮುಂದೆ ಬಂದಾಗ ಗುಂಪು ನಿಂತಿತು. ಒಬ್ಬರು ಲೊಚಗುಟ್ಟಿದರು. ಕೆಳಗೆ ಬರೆದ ಹೆಸರು ಓದಿ ಎಲ್ಲರೂ ಆ ಹುಡುಗನ ಅಪ್ಪನ ಕಡೆ ತಿರುಗಿದರು.

ಪಾಪ, ಆ ಮನುಷ್ಯನ ಮುಖ ಚಿಕ್ಕದಾಗಿ ಹೋಯಿತು. ಹೊಗೆಸೊಪ್ಪು ಬೇಯಿಸುವ ಕೋಣೆಗೆ ಅಲ್ಲಿ ಬ್ಯಾರನ್ ಅನ್ನುತ್ತಾರೆ. ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು: "ಮಿಸ್, ಕೈ ಮುಗೀತೀನಿ, ಆ ಫಸ್ಟ್ ಪ್ರೈಜು ವಾಪಸ್ ತಗಳಿ. ನಮ್ ಬ್ಯಾರನ್ನಲ್ಲಿ ಬೆಂಕಿ ಜಾಸ್ತಿಯಾಗಿ ಸೊಪ್ಪು ಸೀದೋಗದೆ ಅಂತ ನಾಳೆ ಊರೆಲ್ಲಾ ಮಾತಾಡ್ತಾರೆ!"

ಪ್ರಮಾಣ

ಎಚ್.ಡಿ. ಕೋಟೆಯ ಶಾಲೆ ಕಾಡಿನ ಅಂಚಿನಲ್ಲಿತ್ತು. ಅಲ್ಲಿ ಪ್ರಮಾಣದ ಪಾಠ. ಯಾವುದು ದೊಡ್ಡದೋ ಅದು ಚಿತ್ರದಲ್ಲೂ ದೊಡ್ಡದಾಗಿ, ಯಾವುದು ಚಿಕ್ಕದೋ ಅದು ಚಿಕ್ಕದಾಗಿ ಕಾಣಬೇಕು. "ನಿಮ್ಮ ಮನೆ ಬರೀರಿ, ಪಕ್ಕದಲ್ಲಿ ಒಂದು ಆನೆ ಬರೀರಿ" ಅಂದೆ.

ಒಬ್ಬ ಹುಡುಗ ಹಾಳೆ ತುಂಬ ಮನೆ ಬರೆದಿದ್ದ. ಕಿಟಕಿ, ಬಾಗಿಲು, ಬಾಗಿಲಿಗೆ ಚಿಲಕ ಎಲ್ಲಾ ಉಂಟು. ಆನೆ ಎಲ್ಲಿ ಅಂತ ಹುಡುಕಿದರೆ, ಹಾಳೆಯ ಮೂಲೆಯಲ್ಲಿ ಸೊಂಡಿಲಿರುವ ಒಂದು ಇಲಿ.

"ಇದೇನೋ ಇದು! ಆನೆ ದೊಡ್ಡದಲ್ವೇನೋ?"

"ದೊಡ್ಡದೇ ಮಿಸ್."

"ಮತ್ತೆ ದೊಡ್ಡದಾಗಿ ಬರೀಬೇಕು ತಾನೆ?"

"ದೊಡ್ಡದಾಗಿ ಬರುದ್ರೆ ಹತ್ರ ಬಂದಂಗಾಯ್ತದೆ ಮಿಸ್. ಅಲ್ಲೇ ದೂರ್ದಲ್ಲೇ ಇರ್ಲಿ ಬುಡಿ."

ನಾನು ಆ ಇಲಿಗೇ ಪೂರ್ತಿ ಮಾರ್ಕ್ಸ್ ಕೊಟ್ಟು ಮುಂದಿನ ಬೆಂಚಿಗೆ ಹೋದೆ.

ಸಮತೋಲನ

ಹುಣಸೂರಿನ ಶಾಲೆಗೆ ಬಂದ ವರ್ಷ ಹೊಸ ಗೇಟು ಆಯಿತು. ಗೇಟಿನ ಮೇಲೆ ಕಮಾನು. ಇಬ್ಬರು ದಾನಿಗಳು ಸಮಸಮ ಖರ್ಚು ಹಾಕಿದ್ದರು, ಆದ್ದರಿಂದ ಇಬ್ಬರ ಹೆಸರೂ ಕಮಾನಿನ ಆಕಡೆ ಈಕಡೆ ಸಮಸಮ ಕಾಣಬೇಕು. ತೊಂದರೆ ಏನಪ್ಪಾ ಅಂದರೆ, ಒಬ್ಬರ ಹೆಸರು ಎರಡೇ ಅಕ್ಷರ. ಇನ್ನೊಬ್ಬರದು ಊರು, ಅಪ್ಪ, ಬಿರುದು ಎಲ್ಲಾ ಸೇರಿ ಗೂಡ್ಸ್ ರೈಲು.

ಬೋರ್ಡು ಬರೆಯುವ ಸಾಹೇಬರು ಏಣಿ ಮೇಲಿಂದ ಕೇಳಿದರು: "ಕ್ಯಾ ಮೇಡಂ, ಈಕಡೆ ಜಾಗ ಸಾಲ್ತಿಲ್ಲ, ಆಕಡೆ ಜಾಗ ಮುಗೀತಿಲ್ಲ. ನೀವೇ ಹೇಳಿ."

ನನ್ನನ್ನು ಯಾರಾದರೂ ಸಲಹೆ ಕೇಳುವುದೇ ಅಪರೂಪ. ಉಬ್ಬಿಹೋದೆ. "ಇದಕ್ಕೆ ಸಮತೋಲನ ಅಂತಾರೆ ಸಾಹೇಬ್ರೇ. ಚಿಕ್ಕ ಹೆಸರಿನ ಪಕ್ಕ ಒಂದು ಕಮಲದ ಹೂವು ಬಿಡಿಸಿ, ತೂಕ ಸರಿಹೋಗುತ್ತೆ" ಅಂದೆ. ಬಿಡಿಸಿದರು.

ಮಾರನೇ ದಿನ ಉದ್ದ ಹೆಸರಿನವರು ಬಂದರು. "ಅವನಿಗೆ ಹೂವು, ನನಗೆ ಬರೀ ಅಕ್ಷರವಾ?" ಅವರ ಪಕ್ಕಕ್ಕೂ ಒಂದು ಹೂವು ಬಂತು. ಆಗ ಗಿಡ್ಡ ಹೆಸರಿನವರು ಬಂದು, "ನನ್ನ ಕಡೆ ಮತ್ತೆ ಖಾಲಿ ಹೊಡೀತದಲ್ಲ" ಅಂದರು. ಅವರಿಗೆ ನವಿಲು. ನವಿಲು ನೋಡಿ ಉದ್ದ ಹೆಸರಿನವರಿಗೆ ಹೊಟ್ಟೆ ಉರಿಯಿತು. ವಾರದೊಳಗೆ ಕಮಾನಿನ ಮೇಲೆ ಹೂವು, ನವಿಲು, ಹಂಸ, ಎರಡು ದೀಪದ ಕಂಬ. ಶಾಲೆಯ ಹೆಸರು ಎಲ್ಲಿ ಅಂತ ಹುಡುಕಬೇಕು.

ಒಂದು ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಮಾಯ. ಸುಣ್ಣ ಹೊಡೆದ ಹಾಗೆ ಬಿಳಿ. ಎಡಕ್ಕೆ "ದಾನಿಗಳು", ಬಲಕ್ಕೆ "ದಾನಿಗಳು". ಅಷ್ಟೇ. ಸಾಹೇಬರು ಕೆಳಗೆ ಕಲ್ಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ಇದೇನು ಸಾಹೇಬ್ರೇ, ಅವರಿಬ್ರೂ ಸುಮ್ನೆ ಬಿಟ್ರಾ?"

"ಎಲ್ಲಿ ಬಿಡ್ತಾರೆ ಮೇಡಂ! ಇಬ್ರೂ ಫೋನ್ ಮಾಡಿ ಒಂದೇ ಸಮ ಬಯ್ತಾವ್ರೆ. ಆಕಡೆ ಜಾಸ್ತಿ ಇಲ್ಲ, ಈಕಡೆ ಕಮ್ಮಿ ಇಲ್ಲ. ಬರೋಬರ್ ಬ್ಯಾಲೆನ್ಸು!"

ಅವಕಾಶ

ಈಗ ಈ ವರ್ಷದ ಕತೆ. ಚಿತ್ರದಲ್ಲಿ ಏನೂ ಬರೆಯದೆ ಬಿಟ್ಟ ಜಾಗಕ್ಕೆ ನಮ್ಮ ಪಾಠದಲ್ಲಿ ಅವಕಾಶ ಅನ್ನುತ್ತಾರೆ. ಇದನ್ನು ಕಲಿಸುವಷ್ಟು ಕಷ್ಟ ಇನ್ನೊಂದಿಲ್ಲ. ನಮ್ಮ ಮಕ್ಕಳಿಗೆ ಖಾಲಿ ಜಾಗ ಕಂಡರೆ ಆಗದು. ಬೆಟ್ಟ ಬರೆದು ಮುಗಿಸಿದರೆ ಆಕಾಶದಲ್ಲಿ ಸೂರ್ಯ, ಸೂರ್ಯನ ಪಕ್ಕ ಹಕ್ಕಿ, ಹಕ್ಕಿ ಪಕ್ಕ ವಿಮಾನ, ಇನ್ನೂ ಜಾಗ ಮಿಕ್ಕರೆ "ಶುಭೋದಯ". ನಾನು ವಾರಗಟ್ಟಲೆ ಬಡಿದುಕೊಂಡೆ. "ಖಾಲಿ ಜಾಗನೂ ಚಿತ್ರದ ಭಾಗನೇ ಕಣ್ರೋ. ಹಾಗೇ ಬಿಟ್ರೇನೇ ಚೆಂದ. ಯಾರೂ ಅದನ್ನ ತುಂಬಬೇಡಿ."

ಇಂಥ ಹೊತ್ತಿಗೆ ಹೆಡ್ಮಾಷ್ಟ್ರು ನನ್ನನ್ನು ಕರೆಸಿದರು. "ಮೇಡಂ, ಶನಿವಾರ ಇಲಾಖೆಯ ದೊಡ್ಡ ಸಾಹೇಬ್ರು ಶಾಲೆ ನೋಡೋಕೆ ಬರ್ತಾರೆ. ನಿಮ್ಮ ಪಿರಿಯಡ್ಡಿಗೇ ಬಂದು ಕೂರ್ತಾರೆ. ಮಕ್ಳು ಚೆನ್ನಾಗಿ ಹೇಳಿದ್ರೆ ಪಿರಿಯಡ್ಡು ನಿಮ್ದು. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಅದನ್ನ ಗಣಿತಕ್ಕೇ ಬರೆದುಬಿಡ್ತೀನಿ."

ವಾರವೆಲ್ಲ ಲೆಕ್ಕ, ವಿಜ್ಞಾನ, ಇಂಗ್ಲಿಷು ಅಂತ ಬೈಸಿಕೊಂಡ ಮಕ್ಕಳು ಒಂದು ಬಣ್ಣದ ಪೆನ್ಸಿಲ್ ಹಿಡಿದಾಗ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೀನಿ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಮನೆಗೆ ಬಂದು ಯಜಮಾನ್ರಿಗೆ, "ಅಂತೂ ನಿಮ್ಮ ಕಣ್ಣು ಬಿದ್ದೇ ಬಿತ್ತು" ಅಂದೆ. "ನಾನೆಲ್ಲಿ ಕೇಳ್ದೆ ಕಣೇ? ಹೆಡ್ಮಾಷ್ಟ್ರು ಹೇಳಿದ್ದು" ಅಂತ ಪೇಪರ್ ಅಡ್ಡ ಹಿಡಿದರು. ಅವರಿಗೆ ಉಪ್ಪಿಟ್ಟು ಕಂಡರಾಗದು. ಆ ವಾರ ಎರಡು ಹೊತ್ತೂ ಉಪ್ಪಿಟ್ಟೇ ಮಾಡಿದೆ.

ಶನಿವಾರ ಬಂತು. ಸಾಹೇಬ್ರು ಕುರ್ಚಿಯಲ್ಲಿ ಕೂತರು, ಹೆಡ್ಮಾಷ್ಟ್ರು ಪಕ್ಕದಲ್ಲಿ ನಿಂತರು. ಅಭ್ಯಾಸಬಲ ನೋಡಿ, ಬೆಲ್ ಆಗುತ್ತಲೂ ಬಾಗಿಲಲ್ಲಿ ನಮ್ಮ ಯಜಮಾನ್ರು, ಕೈಯಲ್ಲಿ ಚಾಕ್‌ಪೀಸು.

"ರೇಖೆ ಅಂದರೇನು?" ಅಂತ ಸಾಹೇಬ್ರು ಶುರು ಮಾಡಿದರು. ಮಕ್ಕಳು ಪಟಪಟ ಹೇಳಿದರು. "ಹಸಿರು ಯಾವುದರಿಂದ ಬರುತ್ತೆ?" "ಹಳದಿ, ನೀಲಿ ಸಾ!" ನನಗೆ ಜೀವ ಬಂತು. ಸಾಹೇಬ್ರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಅವಕಾಶ ಅಂದರೇನು?"

ಯಾರೂ ಏಳಲಿಲ್ಲ. ಹೆಡ್ಮಾಷ್ಟ್ರು ನನ್ನ ಮುಖ ನೋಡಿದರು. ಮುಗೀತು ಕತೆ ಅಂದುಕೊಳ್ಳುವಾಗ, ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತಳು.

"ಅವಕಾಶ ಅಂದ್ರೆ ಖಾಲಿ ಜಾಗ ಸಾ."

"ಭೇಷ್! ಒಂದು ಉದಾಹರಣೆ ಕೊಡು ನೋಡೋಣ."

"ಡ್ರಾಯಿಂಗ್ ಪಿರಿಯಡ್ಡು ಸಾ."

"ಅದು ಹೇಗಮ್ಮ?"

"ಅದನ್ನ ಅಂಗೇ ಬುಟ್ರೇನೇ ಚೆಂದ, ಯಾರೂ ತುಂಬ್‌ಬಾರ್ದು ಅಂತ ನಮ್ ಮಿಸ್ಸು ಹೇಳವ್ರೆ. ಆದ್ರೂ ಲೆಕ್ಕದ್ ಸಾರು ಬಂದು ತುಂಬ್‌ಬುಡ್ತಾರೆ."

ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ನೋಡಿದರು. ಯಜಮಾನ್ರು ಚಾಕ್‌ಪೀಸನ್ನು ಜೇಬಿಗೆ ಹಾಕಲು ಹೋದರು, ಅದು ಕೆಳಗೆ ಬಿದ್ದು ಉರುಳಿತು. ಸಾಹೇಬ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹೆಡ್ಮಾಷ್ಟ್ರೇ, ಈ ಪಿರಿಯಡ್ಡು ಮೇಡಮ್ಮಿಗೇ ಇರ್ಲಿ. ಯಾರೂ ಮುಟ್ಟಕೂಡದು" ಅಂದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಮೇಲೆ ಒಂದು ಪಿರಿಯಡ್ಡು ನನ್ನದು ಅಂತ ಆಯಿತಲ್ಲ!

ಸಾಹೇಬ್ರು ಎದ್ದರು. ಗಡಿಯಾರ ನೋಡಿದರು, ಬೋರ್ಡು ನೋಡಿದರು, ನೆಲದ ಮೇಲಿದ್ದ ಚಾಕ್‌ಪೀಸ್ ಬಗ್ಗಿ ಎತ್ತಿಕೊಂಡರು.

"ಬೆಲ್ ಆಗೋಕೆ ಇನ್ನೂ ಟೈಮಿದೆ. ನಾನೂ ಮೊದ್ಲು ಗಣಿತದ ಮೇಷ್ಟ್ರೇ ಆಗಿದ್ದೆ. ಪಾಠ ಮಾಡಿ ಬಹಳ ದಿನ ಆಯ್ತು." ನನ್ನ ಕಡೆ ತಿರುಗಿ ಬಹಳ ವಿನಯವಾಗಿ ಕೇಳಿದರು: "ಮೇಡಂ, ಪಿರಿಯಡ್ ಕೊಡ್ತೀರಾ?"

ನಾನು ಹೆಡ್ಮಾಷ್ಟ್ರ ಕಡೆ ನೋಡಿದೆ. ಹೆಡ್ಮಾಷ್ಟ್ರು ಫ್ಯಾನು ನೋಡುತ್ತಾ ನಿಂತರು. ಆಗ ನಮ್ಮ ಯಜಮಾನ್ರು, ಮೇಲಿನವರ ಮುಂದೆ ಯಾವತ್ತೂ ತಲೆ ಎತ್ತದ ಮನುಷ್ಯ, ಬಾಗಿಲಿಂದ ಒಳಗೆ ಬಂದು ನನ್ನ ಪಕ್ಕ ನಿಂತರು.

"ಸಾರ್, ತಪ್ಪು ತಿಳ್ಕೋಬೇಡಿ. ಅದು ಡ್ರಾಯಿಂಗ್ ಪಿರಿಯಡ್ಡು. ಹಂಗೆಲ್ಲಾ ಕೇಳಬಾರ್ದು."

ಅಯ್ಯೋ, ನನ್ನ ಮನಸ್ಸು ಕರಗಿ ನೀರಾಯಿತು. ಇಂಥ ಗಂಡನಿಗೆ ವಾರವೆಲ್ಲ ಉಪ್ಪಿಟ್ಟು ಹಾಕಿದೆನಲ್ಲ ಪಾಪಿ ನಾನು, ಇವತ್ತು ಒಬ್ಬಟ್ಟೇ ಮಾಡಬೇಕು, ಹೋಗುವಾಗ ಬೇಳೆ ಬೆಲ್ಲ ತಗೊಂಡು ಹೋಗಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಕೊಡೋದೇ ಆದ್ರೆ ಸಾರ್, ನಾನು ಮೊದ್ಲೇ ಕೇಳಿದೀನಿ."

ರಾತ್ರಿ ಉಪ್ಪಿಟ್ಟೇ ಮಾಡಿದೆ.